ಪತ್ರಿಕೆಯವನು ಯಾರ ಆಳು?

ಕಳೆದ ತಿಂಗಳು ನಮ್ಮ ಕಚೇರಿಗೆ ಒಂದು ಕಾಗದ ಬಂತು. ಬರೆದವರು ಪರೇಲ ಕಡೆಯ ಒಂದು ಹೋಟೆಲಿನಲ್ಲಿ ಅಡಿಗೆ ಕೆಲಸದಲ್ಲಿರುವ ನಮ್ಮ ಸದಸ್ಯರೊಬ್ಬರು. ಸಂಘದ ಸಹಾಯನಿಧಿಗೆ ತಾವು ವರ್ಷವೂ ತಪ್ಪದೆ ವಂತಿಗೆ ಕೊಡುತ್ತಿದ್ದರೂ ಹೋದ ವರ್ಷದ ಜಮಾಖರ್ಚು ಪತ್ರಿಕೆಯಲ್ಲಿ ಏಕೆ ಅಚ್ಚಾಗಲಿಲ್ಲ ಎಂದು ಅವರು ಕೇಳಿದ್ದಾರೆ. ಕಾಗದವನ್ನು ಸಮಿತಿಯ ಮುಂದಿಟ್ಟೆವು. ಮಾತು ಬೆಳೆಯಿತು. “ನಮ್ಮ ಪತ್ರಿಕೆಯಲ್ಲೇ ನಮ್ಮ ಹುಳುಕು ಬಂದರೆ ಧಣಿಗಳು ಕೈತಟ್ಟಿ ನಗುತ್ತಾರೆ. ಪತ್ರಿಕೆ ಇರುವುದು ನಮ್ಮ ಪರವಾಗಿ ಕೂಗುವುದಕ್ಕೆ” ಎಂದರು ಒಬ್ಬ ಹಿರಿಯರು. “ಕೂಗುವುದು ವಕೀಲನ ಕೆಲಸ. ಪತ್ರಿಕೆಯವನು ಇದ್ದದ್ದನ್ನು ಇದ್ದಂತೆ ಹೇಳಬೇಕು” ಎಂದ ರಾತ್ರಿಶಾಲೆಯಲ್ಲಿ ಓದುತ್ತಿರುವ ತರುಣ. “ಅದೂ ಸಾಲದು, ತಪ್ಪು ಎಲ್ಲಿದ್ದರೂ ಹುಡುಕಿ ತೆಗೆಯಬೇಕು” ಎಂದರು ಮೂರನೆಯವರು.

ಮೂವರೂ ಪ್ರಾಮಾಣಿಕರು. ಮೂವರೂ ಹೇಳಿದ ಬಗೆಯ ಪತ್ರಿಕಾಕರ್ತರು ಜಗತ್ತಿನಲ್ಲಿ ಇದ್ದಾರೆ. ಆದ್ದರಿಂದ ಕಾಗದದ ಗತಿ ಏನಾಯಿತೆಂದು ಹೇಳುವ ಮುಂಚೆ, ಪತ್ರಿಕೆಯವನ ಕೆಲಸ ಯಾವ ಯಾವ ದೇಶದಲ್ಲಿ ಹೇಗಿದೆ ಎಂಬುದನ್ನು ಓದುಗ ಬಾಂಧವರ ಮುಂದಿಡುವುದು ಯೋಗ್ಯವೆಂದು ತೋರಿತು.

ಹೋಟೆಲಿನವರಾದ ನಮಗೆ ಇದು ತಿಳಿಯದ ಮಾತಲ್ಲ. ಮಾಣಿ ಎಂಬ ಹೆಸರು ಒಂದೇ. ಸಣ್ಣ ಹೋಟೆಲಿನಲ್ಲಿ ಅವನೇ ಮೇಜು ಒರಸಬೇಕು, ಅವನೇ ತಿಂಡಿ ತಂದಿಡಬೇಕು, ಗಿರಾಕಿ ಎದ್ದಾಗ ಅವನೇ ಗಲ್ಲೆಯ ಕಡೆಗೆ ಲೆಕ್ಕ ಕೂಗಬೇಕು. ದೊಡ್ಡ ಹೋಟೆಲಿನಲ್ಲಿ ಆರ್ಡರು ಬರೆದುಕೊಳ್ಳುವವನು ಒಬ್ಬ, ತಂದಿಡುವವನು ಇನ್ನೊಬ್ಬ, ತಟ್ಟೆ ಎತ್ತುವವನು ಮತ್ತೊಬ್ಬ. ಹೆಸರು ಕೇಳಿ ಕೆಲಸ ಇಂಥದೆಂದು ಹೇಳಲಾಗದು. ಧಣಿ ಯಾರು, ಕಟ್ಟಳೆ ಏನು ಎಂದು ನೋಡಬೇಕು. ಪತ್ರಿಕಾಕರ್ತನ ವಿಷಯವೂ ಹಾಗೆಯೇ.

ಮೊದಲು ಇಂಗ್ಲೆಂಡನ್ನು ನೋಡೋಣ. ಅಲ್ಲಿಯ ದೊಡ್ಡ ಪತ್ರಿಕೆಗಳು ತಮ್ಮ ಪಕ್ಷವನ್ನು ಮುಚ್ಚಿಡುವುದಿಲ್ಲ. ಚುನಾವಣೆ ಬಂತೆಂದರೆ ಯಾರಿಗೆ ಮತ ಕೊಡಬೇಕೆಂದು ಅವುಗಳಲ್ಲಿ ಹಲವು ನೇರವಾಗಿಯೇ ಬರೆಯುತ್ತವೆ. 1926ರ ಮೇ ತಿಂಗಳಲ್ಲಿ ಗಣಿ ಕಾರ್ಮಿಕರ ಬೆಂಬಲಕ್ಕಾಗಿ ಆ ದೇಶದ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿದರು. ಅದಕ್ಕೆ ಸ್ವಲ್ಪ ಮುಂಚೆ ‘ಡೇಲಿ ಮೇಲ್’ ಪತ್ರಿಕೆಯ ಅಚ್ಚುಮೊಳೆಯವರು ಮುಷ್ಕರವನ್ನು ಹೀನಾಯವಾಗಿ ಖಂಡಿಸುವ ಸಂಪಾದಕೀಯವನ್ನು ಅಚ್ಚುಹಾಕುವುದಿಲ್ಲವೆಂದು ಕೈಕಟ್ಟಿ ನಿಂತರು. ಮುಷ್ಕರದಲ್ಲಿ ಮುದ್ರಣಾಲಯಗಳು ನಿಂತಾಗ ಸರಕಾರವು ವಿನ್‌ಸ್ಟನ್ ಚರ್ಚಿಲ್‌ರ ಕೈಯಲ್ಲಿ ‘ಬ್ರಿಟಿಷ್ ಗೆಜೆಟ್’ ಎಂಬ ಪತ್ರಿಕೆಯನ್ನು ಹೊರಡಿಸಿತು. ಕಾರ್ಮಿಕ ಸಂಘಗಳ ಒಕ್ಕೂಟವು ‘ಬ್ರಿಟಿಷ್ ವರ್ಕರ್’ ಎಂಬುದನ್ನು ಹೊರಡಿಸಿತು. ಒಂದೇ ಊರು, ಒಂದೇ ಮುಷ್ಕರ, ಎರಡು ಪತ್ರಿಕೆಗಳು. ಒಂದನ್ನು ಓದಿದವನಿಗೆ ದೇಶದ್ರೋಹ ಕಂಡಿತು, ಇನ್ನೊಂದನ್ನು ಓದಿದವನಿಗೆ ಒಗ್ಗಟ್ಟು ಕಂಡಿತು.

ಆಗ ರೇಡಿಯೋ ಕೂಡ ಇತ್ತು. ಬಿ.ಬಿ.ಸಿ.ಯ ಮುಖ್ಯಸ್ಥರಾದ ಜಾನ್ ರೀತ್ ತಾವು ಯಾರ ಪಕ್ಷವೂ ಅಲ್ಲ ಎಂದು ಹೇಳಿಕೊಂಡರು. ಆದರೂ ಮುಷ್ಕರದ ಒಂಬತ್ತು ದಿನಗಳಲ್ಲಿ ಲೇಬರ್ ಪಕ್ಷದ ಮುಂದಾಳು ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡರಿಗೆ ರೇಡಿಯೋದಲ್ಲಿ ಮಾತನಾಡಲು ಎಡೆ ಸಿಗಲಿಲ್ಲ. ಮರುವರ್ಷ, 1927ರಲ್ಲಿ, ಬಿ.ಬಿ.ಸಿ.ಯು ರಾಜಸನದಿನ ಮೇಲೆ ಸಾರ್ವಜನಿಕ ಸಂಸ್ಥೆಯಾಯಿತು. ಜನರು ಕಟ್ಟುವ ಪರವಾನಗಿ ಶುಲ್ಕದಿಂದ ನಡೆಯುವ ಆ ಸಂಸ್ಥೆಯ ಸುದ್ದಿಗಾರನು ಎರಡೂ ಕಡೆಯ ಮಾತನ್ನು ತೂಕ ತಪ್ಪದೆ ಹೇಳಬೇಕೆಂಬುದು ಕಟ್ಟಳೆ. ಅಂದರೆ ಒಂದೇ ದೇಶದಲ್ಲಿ ಎರಡು ಬಗೆಯ ಪತ್ರಿಕಾಕರ್ತರು. ಪತ್ರಿಕೆಯವನು ಪಕ್ಷ ಹಿಡಿಯಬಹುದು, ಬಾನುಲಿಯವನು ಹಿಡಿಯಬಾರದು.

ಅಮೇರಿಕದ ರೀತಿ ಬೇರೆ. ಪತ್ರಿಕೆಗಳ ಬಾಯಿ ಕಟ್ಟುವ ಕಾನೂನನ್ನು ಅಲ್ಲಿಯ ಸಂಸತ್ತು ಮಾಡಕೂಡದೆಂದು 1791ರಲ್ಲಿಯೇ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಸುದ್ದಿ ಬರೆಯುವವನು ತನ್ನ ಅಭಿಪ್ರಾಯವನ್ನು ಅದರಲ್ಲಿ ಬೆರೆಸಬಾರದು, ಅಭಿಪ್ರಾಯಕ್ಕೆ ಬೇರೆಯೇ ಪುಟ ಎಂಬುದು ಅಲ್ಲಿಯ ದೊಡ್ಡ ಪತ್ರಿಕೆಗಳ ಶಿಸ್ತು. ಅದರೊಡನೆ ಸರಕಾರವನ್ನು ಕಾಯುವ ಕಾವಲುಗಾರ ತಾನೆಂಬ ಹೆಮ್ಮೆಯೂ ಅಲ್ಲಿಯ ಸುದ್ದಿಗಾರನಿಗುಂಟು. ವಿಯೆಟ್ನಾಂ ಯುದ್ಧದ ಗುಪ್ತ ಕಡತಗಳನ್ನು ಅಚ್ಚುಹಾಕಬಹುದೆಂದು 1971ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಇಬ್ಬರು ತರುಣ ಸುದ್ದಿಗಾರರು ವಾಟರ್‌ಗೇಟ್ ಕಳ್ಳತನದ ಜಾಡು ಹಿಡಿದು ಹೋದದ್ದೂ ಕಾರಣವಾಗಿ 1974ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ನರು ರಾಜೀನಾಮೆ ಕೊಟ್ಟರು.

ಆದರೆ ನಮಗೆ ಹತ್ತಿರವಾದದ್ದು ಇನ್ನೊಂದು ಕಥೆ. ಶಿಕಾಗೋ ನಗರದ ಮಾಂಸದ ಕಾರಖಾನೆಗಳಲ್ಲಿ ದುಡಿಯುವವರ ನಡುವೆ ಏಳು ವಾರ ಕಳೆದು ಅಪ್ಟನ್ ಸಿಂಕ್ಲೇರ್ ಎಂಬವರು ಒಂದು ಕಾದಂಬರಿ ಬರೆದರು. ಅದು 1905ರಲ್ಲಿ ಮೊದಲು ಬಂದದ್ದು ಒಂದು ಸಮಾಜವಾದೀ ವಾರಪತ್ರಿಕೆಯಲ್ಲಿ. ಅದನ್ನು ಓದಿ ಅಮೇರಿಕ ಬೆಚ್ಚಿತು. ಮರುವರ್ಷವೇ ಶುದ್ಧ ಆಹಾರದ ಮತ್ತು ಮಾಂಸ ತನಿಖೆಯ ಕಾನೂನುಗಳು ಆದವು. ಆದರೆ ಓದುಗರನ್ನು ಕಾಡಿದ್ದು ತಮ್ಮ ತಟ್ಟೆಯ ಮಾಂಸದ ಚಿಂತೆ. ಅದನ್ನು ಕಡಿಯುವವನ ಕೂಲಿ, ಅವನ ತುಂಡಾದ ಬೆರಳು ಆ ಕಾನೂನುಗಳಲ್ಲಿ ಬರಲಿಲ್ಲ. ಬಾಂಧವರೇ, ಹೋಟೆಲಿನ ಅಡಿಗೆಮನೆಯಲ್ಲಿ ಜಿರಳೆ ಕಂಡರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಅದೇ ಅಡಿಗೆಮನೆಯ ನೆಲದ ಮೇಲೆ ಚೀಲ ಹಾಸಿ ಮಲಗುವ ಹುಡುಗನ ಚಿತ್ರ ಎಷ್ಟು ಸಲ ಬಂದಿದೆ? ಕಾವಲುಗಾರನಿದ್ದರೆ ಸಾಲದು. ಅವನು ಯಾರ ಮನೆ ಕಾಯುತ್ತಾನೆಂದೂ ನೋಡಬೇಕು.

ಫ್ರಾನ್ಸಿನಲ್ಲಿ ಪತ್ರಿಕಾಕರ್ತನೆಂದರೆ ಬಹುಕಾಲದಿಂದ ಸಾಹಿತಿ, ವಾದಿ. 1898ರ ಜನವರಿ 13ರಂದು ಕಾದಂಬರಿಕಾರ ಎಮಿಲ್ ಜೋಲಾ ಪತ್ರಿಕೆಯೊಂದರ ಮೊದಲ ಪುಟದಲ್ಲಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು, ನಿರಪರಾಧಿಯಾದ ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಗೆ ಶಿಕ್ಷೆ ಕೊಡಿಸಿದವರ ಹೆಸರು ಹಿಡಿದು ಆಪಾದಿಸಿದರು. ಸುದ್ದಿಗಿಂತ ನಿಲುವು ದೊಡ್ಡದೆಂಬ ಈ ಪರಂಪರೆಗೆ ತಕ್ಕಂತೆ ಕಾನೂನೂ ಅಲ್ಲಿ ಆಯಿತು. 1935ರ ಕಾನೂನಿನಂತೆ, ಪತ್ರಿಕೆ ಬೇರೆ ಧಣಿಯ ಕೈಗೆ ಹೋದರೆ, ಅಥವಾ ಪತ್ರಕರ್ತನ ಮನಸ್ಸಾಕ್ಷಿಗೆ ಕುಂದಾಗುವಂತೆ ಅದರ ಧೋರಣೆ ಬದಲಾದರೆ, ಅವನು ತಾನಾಗಿಯೇ ಕೆಲಸ ಬಿಡಬಹುದು. ಬಿಟ್ಟರೂ ಧಣಿಯೇ ತೆಗೆದುಹಾಕಿದಾಗ ಸಿಗುವಂಥ ಪರಿಹಾರದ ಹಣ ಅವನಿಗೆ ಸಲ್ಲಬೇಕು. ಮನಸ್ಸಾಕ್ಷಿಗೆ ಕಾನೂನು ಬೆಲೆ ಕಟ್ಟಿದ ಇಂಥ ಉದಾಹರಣೆಗಳು ವಿರಳ. ಹೋಟೆಲು ಕೈಬದಲಾದಾಗ ಹೊಸ ಧಣಿಯ ಮುಂದೆ ತಲೆ ತಗ್ಗಿಸಿ ನಿಂತವರಿಗೆ ಈ ಕಾನೂನಿನ ಬೆಲೆ ಬೇಗ ತಿಳಿಯುತ್ತದೆ.

ಸ್ವೀಡನ್ ಸಣ್ಣ ದೇಶ. ಆದರೆ 1766ರಲ್ಲಿಯೇ ಅಲ್ಲಿ ಪತ್ರಿಕಾ ಸ್ವಾತಂತ್ರ್ಯದ ಕಾನೂನಾಗಿ, ಸರಕಾರಿ ಕಡತಗಳನ್ನು ನೋಡುವ ಹಕ್ಕು ಪ್ರಜೆಗಳಿಗೆ ಸಿಕ್ಕಿತು. ನಡುವೆ ಅರಸರು ಅದನ್ನು ಮೊಟಕು ಮಾಡಿದರೂ ಮತ್ತೆ ಊರ್ಜಿತವಾಯಿತು. ಗುಟ್ಟಾಗಿ ಸುದ್ದಿ ಕೊಟ್ಟವರು ಯಾರೆಂದು ಸರಕಾರಿ ಅಧಿಕಾರಿಗಳು ಹುಡುಕುವುದೇ ಅಲ್ಲಿ ಅಪರಾಧ. ದೇಶರಕ್ಷಣೆಯ ಗುಟ್ಟಿನಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಪತ್ರಿಕಾಕರ್ತನೇ ಅವರ ಹೆಸರನ್ನು ಬಿಟ್ಟುಕೊಟ್ಟರೆ ಅವನೂ ಶಿಕ್ಷೆಗೆ ಗುರಿ. ಅಮೇರಿಕದಲ್ಲಿಯಾದರೋ 2005ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಜೂಡಿತ್ ಮಿಲ್ಲರ್ ಎಂಬವರು ಸುದ್ದಿ ಕೊಟ್ಟವರ ಹೆಸರು ಹೇಳಲೊಲ್ಲದೆ 85 ದಿನ ಸೆರೆಮನೆಯಲ್ಲಿದ್ದರು. ಹೆಸರು ಹೇಳಿದರೆ ಒಂದು ದೇಶದಲ್ಲಿ ತಪ್ಪು, ಹೇಳದಿದ್ದರೆ ಇನ್ನೊಂದು ದೇಶದಲ್ಲಿ ತಪ್ಪು!

ಜಪಾನಿನ ಪತ್ರಿಕೆಗಳು ಓದುಗರ ಸಂಖ್ಯೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿವೆ. ಅಲ್ಲಿ ಮಂತ್ರಿಗಳ ಕಚೇರಿ, ಪೋಲೀಸು ಠಾಣೆ ಮುಂತಾದ ಕಡೆ ದೊಡ್ಡ ಪತ್ರಿಕೆಗಳ ಬಾತ್ಮೀದಾರರ ಕ್ಲಬ್ಬುಗಳಿವೆ. ಕ್ಲಬ್ಬಿನವರಿಗೆ ಕೋಣೆ ಉಂಟು, ಬೇಗ ಸುದ್ದಿ ಉಂಟು, ದೊಡ್ಡವರ ಪರಿಚಯ ಉಂಟು. ಹೊರಗಿನವರಿಗೆ ಬಹುಕಾಲ ಪ್ರವೇಶವೇ ಇರಲಿಲ್ಲ. ಹೀಗೆ ದಿನವೂ ಬಾಗಿಲಲ್ಲಿ ನಿಂತು ಅನ್ನ ತಿನ್ನುವವನಿಗೆ ಮನೆಯ ಗುಟ್ಟು ತಿಳಿದರೂ ಬಾಯಿ ಬರುವುದಿಲ್ಲ. ನಿಕ್ಸನ್ನರು ಬಿದ್ದ 1974ರಲ್ಲಿಯೇ ಜಪಾನಿನ ಪ್ರಧಾನಿ ತನಾಕಾ ಅವರೂ ಬಿದ್ದರು. ಅವರ ಹಣದ ಜಾಡನ್ನು ಬಯಲಿಗೆಳೆದದ್ದು ಅವರ ಬೆನ್ನಹಿಂದೆಯೇ ತಿರುಗುತ್ತಿದ್ದ ದಿನಪತ್ರಿಕೆಗಳವರಲ್ಲ, ಕ್ಲಬ್ಬಿನ ಹೊರಗಿದ್ದ ಒಂದು ಮಾಸಪತ್ರಿಕೆಯ ಲೇಖಕರು.

ಇನ್ನು ಸೋವಿಯತ್ ರಶಿಯದ ಮಾತು. ನಮ್ಮ ಹಿರಿಯರಲ್ಲಿ ಹಲವರು ಅದನ್ನು ಕಾರ್ಮಿಕರ ರಾಜ್ಯವೆಂದು ಪ್ರೀತಿಸಿದರು. ಆದ್ದರಿಂದ ಇದನ್ನು ಮುಲಾಜಿಲ್ಲದೆ ಹೇಳಬೇಕು. ಪತ್ರಿಕೆಯು ಪಕ್ಷದ ಪ್ರಚಾರಕನೂ ಸಂಘಟಕನೂ ಆಗಬೇಕೆಂಬುದು ಲೆನಿನ್ನರ ವಿಚಾರ. 1920ರ ದಶಕದಲ್ಲಿ ಕಾರಖಾನೆಯ ಸಾಮಾನ್ಯ ಕೆಲಸಗಾರರನ್ನೇ ಬಾತ್ಮೀದಾರರನ್ನಾಗಿ ಮಾಡಿದ ದೊಡ್ಡ ಚಳವಳಿ ಅಲ್ಲಿ ನಡೆಯಿತು. ಮ್ಯಾನೇಜರನ ತಪ್ಪು, ಯಂತ್ರದ ಕೆಡುಕು, ಊಟದ ಕೊರತೆ ಎಲ್ಲವನ್ನೂ ಅವರು ಬರೆದರು. ಇದು ಮೆಚ್ಚತಕ್ಕ ಸಂಗತಿ. ಆದರೆ ಪಕ್ಷದ ಮೇಲಿನವರ ತಪ್ಪನ್ನು ಬರೆಯುವಂತಿರಲಿಲ್ಲ. 1922ರಲ್ಲಿ ನೇಮಕವಾದ ಸೆನ್ಸಾರು ಕಚೇರಿ ಪ್ರತಿ ಅಕ್ಷರವನ್ನೂ ಕಾಯುತ್ತಿತ್ತು. ಅದರ ಫಲ 1986ರಲ್ಲಿ ಕಂಡಿತು. ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಎರಡು ದಿನಗಳ ಮೇಲೆ ಸ್ವೀಡನ್ನಿನ ಅಣುಸ್ಥಾವರವೊಂದರಲ್ಲಿ ವಿಷಕಿರಣದ ಸುಳಿವು ಸಿಕ್ಕಿ ಜಗತ್ತು ಪ್ರಶ್ನೆ ಕೇಳತೊಡಗಿದಾಗ, ಆ ರಾತ್ರಿ ಮಾಸ್ಕೋದಿಂದ ನಾಲ್ಕು ಸಾಲಿನ ಸುದ್ದಿ ಬಂತು. ಮೇ ಒಂದನೆಯ ತಾರೀಖು, ಕಾರ್ಮಿಕರ ದಿನದಂದು, ಹತ್ತಿರದ ಕೀವ್ ನಗರದಲ್ಲಿ ಮಕ್ಕಳು ಮರಿಗಳೊಡನೆ ಜನ ಮೆರವಣಿಗೆ ನಡೆದರು. ಗಾಳಿಯಲ್ಲಿ ಏನಿದೆ ಎಂದು ಅವರಿಗೆ ಹೇಳುವ ಪತ್ರಿಕೆ ಇರಲಿಲ್ಲ. ನಮ್ಮವರ ಪರವಾಗಿ ಮಾತ್ರ ಕೂಗುವ ಪತ್ರಿಕೆ ನಮ್ಮವರನ್ನೇ ಕೊಲ್ಲಬಲ್ಲುದು.

ಆ ಸೆನ್ಸಾರು 1990ರ ಕಾನೂನಿನಿಂದ ಹೋಯಿತು, 1991ರಲ್ಲಿ ಆ ರಾಜ್ಯವೂ ಹೋಯಿತು. ಆದರೆ ಸತ್ಯ ಬರೆಯುವವನ ಕಷ್ಟ ಹೋಗಲಿಲ್ಲ. ‘ನೋವಯಾ ಗಜೆಟಾ’ ಪತ್ರಿಕೆಯ ಅನ್ನಾ ಪೊಲಿಟ್‌ಕೋವ್‌ಸ್ಕಯಾ ಅವರನ್ನು 2006ರ ಅಕ್ಟೋಬರ್ 7ರಂದು ಅವರ ಮನೆಯಿದ್ದ ಕಟ್ಟಡದಲ್ಲಿಯೇ ಗುಂಡಿಟ್ಟು ಕೊಂದರು. ಅದೇ ಪತ್ರಿಕೆಯ ಸಂಪಾದಕರಿಗೆ 2021ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂತು. ಮರುವರ್ಷ ಯುದ್ಧ ಶುರುವಾದ ಮೇಲೆ ಪತ್ರಿಕೆ ನಿಲ್ಲಿಸಬೇಕಾಯಿತು.

ಚೀನದಲ್ಲಿ ಪತ್ರಕರ್ತನಿಗೆ ಸರಕಾರದ ಗುರುತುಪತ್ರ ಬೇಕು, ಪಕ್ಷಕ್ಕೆ ನಿಷ್ಠೆಯೂ ಬೇಕು. ಅಲ್ಲಿ ಅವನಿಗೆ ಇನ್ನೊಂದು ವಿಚಿತ್ರ ಕೆಲಸವುಂಟು. ಜನರಿಗೆ ತಿಳಿಸಬಾರದ ಸುದ್ದಿಯನ್ನು ಬರೆದು ಮುಂದಾಳುಗಳಿಗೆ ಮಾತ್ರ ಗುಪ್ತವಾಗಿ ಒಪ್ಪಿಸುವುದು. ಆದರೂ ಎಲ್ಲರೂ ಸುಮ್ಮನಿರಲಿಲ್ಲ. 2003ರಲ್ಲಿ ಗುವಾಂಗ್‌ಜೋ ನಗರಕ್ಕೆ ಕೆಲಸಕ್ಕೆ ಬಂದಿದ್ದ ಸುನ್ ಜಿಗಾಂಗ್ ಎಂಬ 27 ವರ್ಷದ ಪರವೂರಿನ ತರುಣನನ್ನು ವಾಸದ ಚೀಟಿ ಇಲ್ಲವೆಂದು ಪೋಲೀಸರು ಹಿಡಿದರು. ಬಂಧನದಲ್ಲಿಯೇ ಹೊಡೆತ ತಿಂದು ಅವನು ಸತ್ತ. ಅಲ್ಲಿಯ ಒಂದು ದಿನಪತ್ರಿಕೆ ಅದನ್ನು ಬಯಲಿಗೆ ತಂದಿತು. ಕೆಲವೇ ವಾರಗಳಲ್ಲಿ, ಹೊಟ್ಟೆಪಾಡಿಗೆ ಬಂದವರನ್ನು ಹಿಡಿದು ಊರಿಗಟ್ಟುವ ಆ ಕಟ್ಟಳೆಯನ್ನೇ ಸರಕಾರ ತೆಗೆದುಹಾಕಿತು. ಮರುವರ್ಷ ಆ ಪತ್ರಿಕೆಯ ವ್ಯವಸ್ಥಾಪಕರು ಭ್ರಷ್ಟಾಚಾರದ ಆರೋಪದ ಮೇಲೆ ಸೆರೆಮನೆ ಸೇರಿದರು. ಪರವೂರಿಗೆ ಬಂದು ದುಡಿಯುವವರಾದ ನಾವು ಈ ಕಥೆಯನ್ನು ಮರೆಯಲಾಗದು.

ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಬೇರೊಂದು ವಾದ ಹುಟ್ಟಿತು. ದೇಶ ಕಟ್ಟುವಾಗ ಪತ್ರಿಕೆಯವನು ಕಲ್ಲು ಹೊರಬೇಕು, ಕಲ್ಲು ಹೊಡೆಯಬಾರದು ಎಂಬುದೇ ಅದು. ದೇಶದ ಒಗ್ಗಟ್ಟಿಗೂ ಸರಕಾರದ ಉದ್ದೇಶಕ್ಕೂ ಪತ್ರಿಕಾ ಸ್ವಾತಂತ್ರ್ಯ ಅಧೀನವಾಗಿರಬೇಕೆಂದು ಸಿಂಗಾಪುರದ ಪ್ರಧಾನಿ ಲೀ ಕ್ವಾನ್ ಯೂ 1971ರಲ್ಲಿ ಹೆಲ್ಸಿಂಕಿಯಲ್ಲಿ ಸಂಪಾದಕರ ಎದುರಿಗೇ ಹೇಳಿದರು. ರೋಗ, ನೀರು, ಬೇಸಾಯ, ಅಕ್ಷರ ಇವುಗಳ ಬಗ್ಗೆ ಪತ್ರಿಕೆ ಕಲಿಸಬೇಕೆಂಬುದು ಒಳ್ಳೆಯ ಮಾತೇ. ಆದರೆ ದೇಶವೆಂದರೆ ಸರಕಾರ, ಸರಕಾರವೆಂದರೆ ಒಬ್ಬ ಮಂತ್ರಿ ಎಂದಾದಾಗ ಆ ಮಾತು ಬಾಯಿಗೆ ಬೀಗವಾಗುತ್ತದೆ.

ಮ್ಯೂನಿಕ್ಕಿನ ಪ್ರಾಧ್ಯಾಪಕ ಥಾಮಸ್ ಹಾನಿಟ್ಸ್ ಮತ್ತು ಜೊತೆಗಾರರು 2012ರಿಂದ 2016ರವರೆಗೆ 67 ದೇಶಗಳ 27,500ಕ್ಕೂ ಹೆಚ್ಚು ಪತ್ರಕರ್ತರನ್ನು ನಿಮ್ಮ ಕೆಲಸ ಏನೆಂದು ಕೇಳಿದರು. ಇದ್ದದ್ದನ್ನು ಇದ್ದಂತೆ ಹೇಳುವುದು ಎಂಬ ಮಾತನ್ನು ಬಹುತೇಕ ಎಲ್ಲ ಕಡೆಯವರೂ ಒಪ್ಪಿದರು. ಅದರ ಮೇಲೆ ದಾರಿಗಳು ಬೇರೆಯಾದವು. ಪಶ್ಚಿಮದವರು ದೂರ ನಿಂತು ನೋಡುವುದನ್ನೂ ಅಧಿಕಾರವನ್ನು ಕಾಯುವುದನ್ನೂ ಮುಂದಿಟ್ಟರು. ಏಷ್ಯ, ಆಫ್ರಿಕಗಳ ಅನೇಕರು ದೇಶದ ಏಳಿಗೆಗೆ ನೆರವಾಗುವುದನ್ನು ಅದರ ಜೊತೆಗೆ ಸೇರಿಸಿದರು.

ಇನ್ನು ನಮ್ಮ ದೇಶ. ಇಲ್ಲಿ ಪತ್ರಿಕಾಕರ್ತನು ಹುಟ್ಟಿದ್ದೇ ಚಳವಳಿಗಾರನಾಗಿ. ನಾರಾಯಣ ಮೇಘಾಜಿ ಲೋಖಂಡೆಯವರು 1880ರಲ್ಲಿ ‘ದೀನಬಂಧು’ ಪತ್ರಿಕೆಯನ್ನು ವಹಿಸಿಕೊಂಡು ಮುಂಬಯಿ ಗಿರಣಿಯವರ ಪಾಡನ್ನು ಬರೆದರು. ಸಂಘವನ್ನೂ ಕಟ್ಟಿದರು. 1890ರಲ್ಲಿ ಭಾನುವಾರದ ರಜೆ ಸಿಕ್ಕಿದ್ದು ಆ ಹೋರಾಟದಿಂದ. ‘ಕೇಸರಿ’ಯ ಲೇಖನಗಳಿಗಾಗಿ ಲೋಕಮಾನ್ಯ ತಿಲಕರಿಗೆ 1908ರ ಜುಲೈನಲ್ಲಿ ಆರು ವರ್ಷದ ಶಿಕ್ಷೆಯಾದಾಗ ಮುಂಬಯಿಯ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ಒಬ್ಬ ಸಂಪಾದಕನಿಗಾಗಿ ಕೂಲಿಯವರು ಕೂಲಿ ಬಿಟ್ಟ ದಿನಗಳವು. ಸ್ವಾತಂತ್ರ್ಯ ಬಂದ ಮೇಲೆ 1955ರ ಕಾನೂನು ಪತ್ರಕರ್ತನನ್ನೂ ದುಡಿಯುವವನೆಂದು ಒಪ್ಪಿ, ಕೆಲಸದ ವೇಳೆ, ಗ್ರಾಚ್ಯುಟಿ, ವೇತನ ಮಂಡಳಿ ಇವನ್ನು ಕೊಟ್ಟಿತು. 1975ರಲ್ಲಿ ತುರ್ತುಪರಿಸ್ಥಿತಿಯ ಸೆನ್ಸಾರು ಬಂದಾಗ ಕೆಲವರು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟರು, ಬಹಳ ಮಂದಿ ತುಂಬಿಸಿಕೊಟ್ಟರು. 1955ರ ಆ ಕಾನೂನನ್ನು 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಕರಗಿಸಲಾಗಿದೆ. ಇಂದು ಎಷ್ಟೋ ಸುದ್ದಿಗಾರರು ಕರಾರಿನ ಮೇಲೆ ದುಡಿಯುವವರು. ಕರಾರು ಮುಗಿದರೆ ಮನೆಗೆ. ನಮ್ಮ ಮಾಣಿಗಿರುವ ಭಯವೇ ಅವರಿಗೂ.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಹೊರಬಿದ್ದರು. ಅವರಲ್ಲಿ ನಮ್ಮವರೂ ಇದ್ದರು. ಎಷ್ಟು ಗಿರಣಿ ನಿಂತಿತು, ಎಷ್ಟು ಬಟ್ಟೆ ತಪ್ಪಿತು ಎಂಬ ಲೆಕ್ಕ ದಿನವೂ ಸಿಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಚಾಳಿನಲ್ಲಿ ಯಾರ ಒಲೆ ಆರಿತು, ಯಾರ ತಾಳಿ ಮಾರವಾಡಿಯ ಪೆಟ್ಟಿಗೆ ಸೇರಿತು ಎಂಬುದನ್ನು ಓದಿದ ನೆನಪು ಅವರಿಗೆ ಕಡಮೆ. ಗಿರಣಗಾಂವಿನ ಜನರ ಬಾಯಿಂದಲೇ ಆ ಕಥೆಯನ್ನು ಕೇಳಿ ಮೀನಾ ಮೆನನ್ ಮತ್ತು ನೀರಾ ಅಡರ್ಕರ್ ಪುಸ್ತಕ ಮಾಡಿದ್ದು 2004ರಲ್ಲಿ. ಅಷ್ಟರಲ್ಲಿ ಎಷ್ಟೋ ಚಿಮಣಿಗಳು ಉರುಳಿದ್ದವು.

ನಾವು ಮೇಜು ಒರಸುತ್ತಿದ್ದ ಕಾಲದಲ್ಲಿ ಗಿರಾಕಿಗಳು ಬಿಟ್ಟುಹೋದ ಪತ್ರಿಕೆಗಳೇ ನಮ್ಮ ವಾಚನಾಲಯ. ಒಮ್ಮೆ ನಮ್ಮದೇ ಬೀದಿಯ ಹೋಟೆಲೊಂದರಲ್ಲಿ ಸಂಬಳಕ್ಕಾಗಿ ಕೆಲಸ ನಿಂತಿತು. ಒಂದು ಪತ್ರಿಕೆಯಲ್ಲಿ ಗಿರಾಕಿಗಳಿಗೆ ಚಹಾ ಸಿಗದ ತೊಂದರೆ ಬಂತು, ಇನ್ನೊಂದರಲ್ಲಿ ಮೂರು ತಿಂಗಳ ಸಂಬಳ ಸಿಗದ ತೊಂದರೆ ಬಂತು. ಎರಡೂ ನಿಜ. ಆ ದಿನ ಕಲಿತ ಪಾಠವನ್ನು ಮೇಲಿನ ದೇಶಗಳ ಕಥೆಯೂ ಹೇಳುತ್ತದೆ. ಪತ್ರಿಕೆ ಹಿಡಿದಾಗ, ಇಂದು ಮೊಬೈಲಿನಲ್ಲಿ ಸುದ್ದಿ ನೋಡುವಾಗಲೂ, ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಇವನಿಗೆ ಅನ್ನ ಹಾಕುವವರು ಯಾರು? ಇವನು ಯಾರಿಗೆ ಉತ್ತರ ಕೊಡಬೇಕು? ತಪ್ಪು ಬರೆಯಲು ಒಲ್ಲೆನೆಂದರೆ ಇವನ ಕೆಲಸ ಉಳಿಯುತ್ತದೆಯೆ? ಇವುಗಳಿಗೆ ಉತ್ತರ ಸಿಕ್ಕರೆ ಅವನು ಹೇಳಿದ್ದೆಷ್ಟು, ಬಿಟ್ಟದ್ದೆಷ್ಟು ಎಂಬುದನ್ನು ಊಹಿಸಬಹುದು.

ಈ ಮೂರು ಪ್ರಶ್ನೆಗಳನ್ನು ನಮಗೇ ಕೇಳಿಕೊಂಡೆವು. ಈ ಪತ್ರಿಕೆಗೆ ಧಣಿಯಿಲ್ಲ. ಪಾಳಿ ಮುಗಿಸಿ ಬಂದು ವಂತಿಗೆ ಕೊಡುವ ಸದಸ್ಯರ ಹಣದಿಂದ ಇದು ಅಚ್ಚಾಗುತ್ತದೆ. ಹಾಗಾದರೆ ನಾವು ಉತ್ತರ ಕೊಡಬೇಕಾದದ್ದು ಸಮಿತಿಗಲ್ಲ, ಆ ಸದಸ್ಯರಿಗೆ. ಧಣಿಯ ಅನ್ಯಾಯವನ್ನು ಬರೆದು ನಮ್ಮ ಲೆಕ್ಕವನ್ನು ಮುಚ್ಚಿಟ್ಟರೆ ನಾವೂ ಒಬ್ಬ ಧಣಿಯ ಆಳಾದೆವು, ಹೆಸರು ಮಾತ್ರ ಸಂಘ. ಧಣಿಗಳು ನಗುತ್ತಾರೆಂಬ ಮಾತು ಬಂತು. ನಗಲಿ. ತಮ್ಮ ಗಲ್ಲೆಯ ಲೆಕ್ಕವನ್ನು ಮಾಣಿಯ ಮುಂದೆ ಬಿಚ್ಚುವ ಧಣಿ ಯಾರಿದ್ದಾರೆ? ನಾವು ಬಿಚ್ಚಿದರೆ ಅದು ನಮ್ಮ ಬಲ.

ಆದ್ದರಿಂದ ಆ ಸದಸ್ಯರ ಕಾಗದವನ್ನು ಒಂದಕ್ಷರ ಬದಲಿಸದೆ ಇದೇ ಸಂಚಿಕೆಯ ಮೂರನೆಯ ಪುಟದಲ್ಲಿ ಅಚ್ಚುಹಾಕಿದ್ದೇವೆ. ಬರೆದವರ ಹೆಸರು ಹಾಕಿಲ್ಲ, ಯಾರು ಕೇಳಿದರೂ ಹೇಳುವುದಿಲ್ಲ. ಅದರ ಪಕ್ಕದಲ್ಲಿ ಖಜಾಂಚಿಯವರ ಉತ್ತರವಿದೆ. ಲೆಕ್ಕ ತಡವಾದದ್ದು ತಮ್ಮ ತಪ್ಪೆಂದು ಅವರು ಒಪ್ಪಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಪೂರ್ಣ ಜಮಾಖರ್ಚು ಬರುತ್ತದೆ. ಅದು ಬಾರದಿದ್ದರೆ, ಏಕೆ ಬರಲಿಲ್ಲ ಎಂಬುದೇ ಆ ಸಂಚಿಕೆಯ ಸಂಪಾದಕೀಯವಾಗುತ್ತದೆ.

ಬೇಡವೆಂದ ಹಿರಿಯರ ಮೇಲೆ ನಮಗೆ ಸಿಟ್ಟಿಲ್ಲ. ಸಂಘವನ್ನು ಕಟ್ಟಿದ ಕೈ ಅವರದು. ಕಟ್ಟಿದ ಮನೆಗೆ ಗಾಳಿ ಬೆಳಕು ಬರಲಿ ಎಂಬುದಷ್ಟೇ ನಮ್ಮ ಆಸೆ. ಓದುಗ ಬಾಂಧವರೇ, ನಿಮ್ಮ ಅಡಿಗೆಮನೆಯ ಸುದ್ದಿ, ನಿಮ್ಮ ಚಾಳಿನ ಸುದ್ದಿ, ನಮ್ಮ ಸಂಘದ ಮೇಲಿನ ದೂರು ಯಾವುದಿದ್ದರೂ ಬರೆದು ಕಳಿಸಿರಿ. ಅಕ್ಷರ ಸೊಟ್ಟಗಿದ್ದರೆ ನಾವು ತಿದ್ದಿಕೊಳ್ಳುತ್ತೇವೆ. ಸಂಗತಿ ಮಾತ್ರ ನೆಟ್ಟಗಿರಲಿ.